ಅಪ್‌ಡೇಟ್: ಸ್ಯಾಪ್‌ನಲ್ಲಿ ಆ ಪ್ರೊಡಕ್ಷನ್ ಆರ್ಡರ್ ಕೊನೆಗೂ ಕ್ಲೋಸ್ ಆಯ್ತು

ಹೋದ ವಾರ ಕೇಳಿದ್ದೆನಲ್ಲ, ಕಂಪನಿಯ ಸ್ಟಾಕ್, ಖರ್ಚಿನ ಲೆಕ್ಕ ಇಡುವ ಸ್ಯಾಪ್ ಸಾಫ್ಟ್‌ವೇರಿನಲ್ಲಿ ಕುಂಬಳೆಯ ನಮ್ಮ ಅಡಿಕೆ ಹಾಳೆತಟ್ಟೆ ಫ್ಯಾಕ್ಟರಿಯ ಪ್ರೊಡಕ್ಷನ್ ಆರ್ಡರ್ (ತಯಾರಿಕೆಯ ಆದೇಶ) ಟೆಕೋ (ತಯಾರಿಕೆ ಮುಗಿದಿದೆ ಎಂಬ ಸ್ಟೇಟಸ್) ಆಗಿದೆ, ಆದರೆ ಆರ್ಡರ್ ಬದಲಿಸುವ ಸ್ಕ್ರೀನ್ ಸಿಒ02ರಲ್ಲಿ ಕ್ಲೋಸ್ ಕೊಟ್ಟರೆ ಎರರ್ ಬರುತ್ತದೆ ಅಂತ? ಸರಿಯಾಯ್ತು! ಸಿಒಜಿಐ (ಪೋಸ್ಟ್ ಆಗದೆ ಉಳಿದ ಸ್ಟಾಕ್ ಎಂಟ್ರಿಗಳ ಪಟ್ಟಿ) ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಅಲ್ಲಿ ಎರಡು ಗೂಡ್ಸ್ ಇಶ್ಯೂ (ಆರ್ಡರಿಗೆ ಕಚ್ಚಾವಸ್ತು ಕೊಟ್ಟ ಎಂಟ್ರಿ) ಪೋಸ್ಟ್ ಆಗದೆ ನಿಂತಿದ್ದವು, ಹಾಳೆ ಇನ್ನೂ ಉಪ್ಪಳದ ಗೋಡೌನಿನ ಲೆಕ್ಕದಲ್ಲೇ ಇತ್ತು. ಸ್ಟಾಕ್ ವರ್ಗಾಯಿಸಿ ಮತ್ತೆ ಪೋಸ್ಟ್ ಮಾಡಿದೆ.

ಆಥರೈಸೇಶನ್ (ಸ್ಯಾಪ್ ಬಳಸುವ ಅನುಮತಿ) ಜಾಸ್ತಿ ಮಾಡಿಸಿದ್ದಕ್ಕೆ ಸುಮ್ನೆ ಎರಡು ದಿನ ಹೋಯಿತು, ಉಪಯೋಗ ಆಗಲಿಲ್ಲ. ಯೂಸರ್ ಸ್ಟೇಟಸ್ ಪ್ರೊಫೈಲ್ (ಕಂಪನಿಯೇ ಹಾಕಿಕೊಳ್ಳುವ ಸ್ಟೇಟಸ್‌ಗಳ ಸೆಟ್) ನಮ್ಮ ಆರ್ಡರ್ ಟೈಪಿಗೆ ಇಲ್ಲವೇ ಇಲ್ಲ, ಹಾಗಾಗಿ ಅದೂ ಎರರ್‌ಗೆ ಕಾರಣ ಅಲ್ಲ.

ಆಶ್ಚರ್ಯ ಆದದ್ದು ಬೇರೆ. ಮೊದಲೇ ಸೆಟಲ್‌ಮೆಂಟ್ (ಆರ್ಡರಿನ ಖರ್ಚನ್ನು ಬೇರೆ ಲೆಕ್ಕಕ್ಕೆ ವರ್ಗಾಯಿಸುವುದು) ಮಾಡಿ ಬ್ಯಾಲೆನ್ಸ್ ಸೊನ್ನೆ ಇತ್ತು, ಆದರೆ ಈಗ ಪೋಸ್ಟ್ ಆದ ಹಾಳೆಯ ಖರ್ಚು ಹೊಸದಾಗಿ ಆರ್ಡರಿಗೆ ಬಂದು ಕೂತಿತು, ಹಾಗಾಗಿ ಕೆಒ88ರಲ್ಲಿ ಇನ್ನೊಮ್ಮೆ ಸೆಟಲ್ ಮಾಡಿದ ಮೇಲೆಯೇ ಕ್ಲೋಸ್ ಸ್ಟೇಟಸ್ ಬಂತು.