ಭೂಸ್ಥಿರ ಉಪಗ್ರಹಕ್ಕೆ ಇಂಧನ ಏಕೆ ಬೇಕು?

ಪ್ರಥಮ ಪಿಯು ವಿದ್ಯಾರ್ಥಿನಿ, ಹಾಸನ:
ಎಲ್ಲರಿಗೂ ನಮಸ್ಕಾರ. ಕಕ್ಷೆ ಸೇರಿದ ಉಪಗ್ರಹವು ಇಂಧನವಿಲ್ಲದೆ ಸುತ್ತುತ್ತಿರುತ್ತದೆ ಎಂದು ಗುರುತ್ವಾಕರ್ಷಣೆಯ ಪಾಠದಲ್ಲಿ ಓದಿದ್ದೇನೆ. ಆದರೆ ನಮ್ಮೂರಿನ ಸಾಲಗಾಮೆ ರಸ್ತೆಯಲ್ಲಿರುವ, ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರವಾದ ಎಂಸಿಎಫ್‌ನವರು ಉಪಗ್ರಹಗಳ ಎಂಜಿನ್‌ಗಳನ್ನು ಆಗಾಗ ಉರಿಸುತ್ತಾರೆ, ಇಂಧನ ಮುಗಿದರೆ ಉಪಗ್ರಹದ ಆಯಸ್ಸೂ ಮುಗಿದಂತೆ ಎಂದು ಕೇಳಿದ್ದೇನೆ. ಇವೆರಡೂ ಹೇಗೆ ಸರಿಯಾಗುತ್ತವೆ? ಅಷ್ಟು ಎತ್ತರದಲ್ಲಿ ಗುರುತ್ವವೇ ಇರುವುದಿಲ್ಲ ಎಂದು ಗೆಳತಿ ವಾದಿಸುತ್ತಾಳೆ, ಅದು ನಿಜವೇ?

ಭೌತಶಾಸ್ತ್ರ ಉಪನ್ಯಾಸಕ, ಚಿಕ್ಕಮಗಳೂರು:
ಗೆಳತಿಯ ವಾದದಿಂದಲೇ ಆರಂಭಿಸೋಣ. ಉಪಗ್ರಹವು ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವ ಭೂಸ್ಥಿರ ಕಕ್ಷೆ ನೆಲದಿಂದ 35,786 ಕಿ.ಮೀ. ಎತ್ತರದಲ್ಲಿದೆ, ಭೂಕೇಂದ್ರದಿಂದ ಅಳೆದರೆ ಸುಮಾರು 42,164 ಕಿ.ಮೀ., ಅಂದರೆ ಭೂಮಿಯ ತ್ರಿಜ್ಯದ 6.6 ಪಟ್ಟು. ಗುರುತ್ವವು ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುವುದರಿಂದ ಅಲ್ಲಿ 9.8ರ ಬದಲು ಸುಮಾರು 0.22 ಮೀ/ಸೆ² ಉಳಿಯುತ್ತದೆ. ಕಡಿಮೆಯೇ ಹೌದು, ಆದರೆ ಇಲ್ಲವೆನ್ನುವಂತಿಲ್ಲ.

ಈಗ ಒಂದೇ ಒಂದು ಸೆಕೆಂಡನ್ನು ಹಿಡಿದು ನೋಡಿ. ಆ ಅವಧಿಯಲ್ಲಿ ಉಪಗ್ರಹವು ಭೂಮಿಯ ಕಡೆಗೆ ಸುಮಾರು 11 ಸೆಂ.ಮೀ. ಬೀಳುತ್ತದೆ, ಅದೇ ವೇಳೆಗೆ ಪಕ್ಕಕ್ಕೆ 3 ಕಿ.ಮೀ.ಗಿಂತ ತುಸು ಹೆಚ್ಚು ಸಾಗಿರುತ್ತದೆ. 42,164 ಕಿ.ಮೀ. ತ್ರಿಜ್ಯದ ವೃತ್ತದ ಮೇಲೆ ಅಷ್ಟು ದೂರ ಸಾಗಿದರೆ, ವೃತ್ತವು ಸ್ಪರ್ಶರೇಖೆಯಿಂದ ಬಾಗಿ ಕೆಳಗಿಳಿಯುವುದೂ ಸರಿಯಾಗಿ 11 ಸೆಂ.ಮೀ.! ಬಿದ್ದಷ್ಟೇ ಬಾಗುವುದರಿಂದ ಎತ್ತರ ಬದಲಾಗುವುದಿಲ್ಲ. ಈ ಲೆಕ್ಕವನ್ನು ದಯವಿಟ್ಟು ನೋಟ್ಸ್‌ನಲ್ಲಿ ನೀವೇ ಮಾಡಿ ನೋಡಿ. ಸೂತ್ರವನ್ನು ಬಾಯಿಪಾಠ ಮಾಡುವುದಕ್ಕಿಂತ ಇದು ಎಷ್ಟೋ ಮೇಲು. ಎತ್ತರ ಉಳಿಸಿಕೊಳ್ಳಲು ಇಂಧನ ಬೇಡವೆಂಬ ನಿಮ್ಮ ಪಾಠ ಸರಿಯಾಗಿಯೇ ಇದೆ.

ಉಪಗ್ರಹ ಸಂಪರ್ಕದ ನಿವೃತ್ತ ತಂತ್ರಜ್ಞ, ಹಾಸನ:
ಉಪನ್ಯಾಸಕರ ಮಾತಿಗೆ ಸೇರಿಸುತ್ತೇನೆ. ಪಠ್ಯದ ಲೆಕ್ಕದಲ್ಲಿ ಭೂಮಿಯನ್ನು ಪೂರ್ಣ ಗೋಳವೆಂದೂ ಸುತ್ತ ಬೇರಾವ ಕಾಯವೂ ಇಲ್ಲವೆಂದೂ ಭಾವಿಸಿರುತ್ತೇವೆ. ವಾಸ್ತವದಲ್ಲಿ ಸೂರ್ಯ ಮತ್ತು ಚಂದ್ರರ ಸೆಳೆತದಿಂದ ಕಕ್ಷೆಯ ತಲವು ವರ್ಷಕ್ಕೆ ಸುಮಾರು 0.8 ಡಿಗ್ರಿ ವಾಲುತ್ತದೆ. ಹಾಗೇ ಬಿಟ್ಟರೆ ಉಪಗ್ರಹ ಪ್ರತಿದಿನ ಉತ್ತರ ದಕ್ಷಿಣವಾಗಿ ಓಲಾಡತೊಡಗುತ್ತದೆ, ಮನೆಯ ತಾರಸಿಯಲ್ಲಿ ಬೋಲ್ಟ್ ಬಿಗಿದು ನಿಲ್ಲಿಸಿದ ಡಿಶ್ ಅದನ್ನು ಹಿಂಬಾಲಿಸಲಾರದು. ಇಂಧನದ ಬಹುಪಾಲು ಈ ವಾಲಿಕೆಯನ್ನು ತಿದ್ದುವುದಕ್ಕೇ ಹೋಗುತ್ತದೆ.

ಇನ್ನೊಂದು ಕಾರಣ ಚಿಕ್ಕದು, ಆದರೆ ನನಗೆ ಬಹಳ ಪ್ರಿಯವಾದುದು. ಭೂಮಧ್ಯರೇಖೆಯೂ ಸರಿಯಾದ ವೃತ್ತವಲ್ಲ, ತುಸು ಅಂಡಾಕಾರವಾಗಿದೆ. ಆದ್ದರಿಂದ ನಮ್ಮ ಕಡೆಯ ಭೂಸ್ಥಿರ ಉಪಗ್ರಹಗಳು ನಿಧಾನವಾಗಿ 75 ಡಿಗ್ರಿ ಪೂರ್ವ ರೇಖಾಂಶದತ್ತ ಸರಿಯಲು ನೋಡುತ್ತವೆ. ಹಾಸನವಿರುವುದು ಸುಮಾರು 76 ಡಿಗ್ರಿಯಲ್ಲಿ! ಹವಾಮಾನದ ಚಿತ್ರ ಕಳಿಸುವ ಇನ್ಸಾಟ್-3ಡಿಆರ್ ಅನ್ನು 74 ಡಿಗ್ರಿಯಲ್ಲಿ ಇರಿಸಲಾಗಿರುವುದರಿಂದ ಪೂರ್ವ ಪಶ್ಚಿಮದ ತಿದ್ದುಪಡಿ ಅದಕ್ಕೆ ಅತ್ಯಲ್ಪ ಸಾಕು.

ಪ್ರಥಮ ಪಿಯು ವಿದ್ಯಾರ್ಥಿನಿ, ಹಾಸನ:
11 ಸೆಂ.ಮೀ. ಲೆಕ್ಕ ನನಗೂ ಸರಿಬಂತು, ಇಬ್ಬರಿಗೂ ಧನ್ಯವಾದಗಳು ಸರ್. ಇಂಧನ ಪೂರ್ತಿ ಖಾಲಿಯಾದರೆ ಅದು ಭೂಮಿಗೆ ಬೀಳುವುದಿಲ್ಲವೇ?

ಉಪಗ್ರಹ ಸಂಪರ್ಕದ ನಿವೃತ್ತ ತಂತ್ರಜ್ಞ, ಹಾಸನ:
ಬೀಳುವುದಿಲ್ಲಮ್ಮ. 1982ರ ಏಪ್ರಿಲ್‌ನಲ್ಲಿ ಉಡಾವಣೆಯಾದ ಇನ್ಸಾಟ್-1ಎ, ತನ್ನ ದಿಕ್ಕು ಕಾಯ್ದುಕೊಳ್ಳುವ ಇಂಧನ ತೀರಿಹೋದದ್ದರಿಂದ ಅದೇ ಸೆಪ್ಟೆಂಬರ್‌ನಲ್ಲಿ ನಿರುಪಯುಕ್ತವಾಯಿತು. ಆದರೂ ಅದು ಕೆಳಗೆ ಬೀಳಲಿಲ್ಲ. ಅಲ್ಲಿ ವೇಗ ತಗ್ಗಿಸುವಷ್ಟು ಗಾಳಿಯಿಲ್ಲ. ಈಗಿನ ಪದ್ಧತಿಯಂತೆ ಕೊನೆಯ ಸ್ವಲ್ಪ ಇಂಧನವನ್ನು ಉಳಿಸಿಕೊಂಡು, ಹಳೆಯ ಉಪಗ್ರಹವನ್ನು ಸುಮಾರು 300 ಕಿ.ಮೀ. ಇನ್ನೂ ಮೇಲಕ್ಕೆ ಏರಿಸಿ, ಹೊಸದಕ್ಕೆ ಜಾಗ ಬಿಡಿಸುತ್ತಾರೆ.