ಸಹಾಯ ಬೇಕು: ಆಯಿಗೆ ಮೊರೇನ್ ಲೇಕ್ ತೋರಿಸಬೇಕು

ಎಲ್ಲರಿಗೂ ನಮಸ್ಕಾರ. ನಾವು ಶಿರಸಿ ಹತ್ತಿರದವರು. ತಂಗಿ ಕೆನಡಾದ ಕ್ಯಾಲ್ಗರಿಯಲ್ಲಿದ್ದಾಳೆ. ಆಯಿ, ಅಪ್ಪಯ್ಯ ಸೆಪ್ಟೆಂಬರ್‌ನಲ್ಲಿ ಅಲ್ಲಿಗೆ ಹೋಗುತ್ತಾರೆ. ಅಡಿಕೆಗೆ ಕೊಳೆ ಮದ್ದು ಹೊಡೆಯುವ ಕೆಲಸ ಮುಗಿಯದೆ ಅಪ್ಪಯ್ಯ ಹೊರಡುವುದಿಲ್ಲ.

ಅಲ್ಲಿನ ಬ್ಯಾನ್ಫ್ ಎಂಬ ಊರಿನ ಕಡೆಯ ಲೇಕ್ ಲೂಯಿಸ್, ಮೊರೇನ್ ಲೇಕ್ ಎರಡೂ ಸರೋವರಗಳನ್ನು ಒಂದೇ ದಿನದಲ್ಲಿ ತೋರಿಸುವ ಆಸೆ. ಫೋಟೋ ನೋಡಿ ಆಯಿ "ನೀರಿಗೆ ಬಣ್ಣ ಹಾಕಿದ್ದಾರಾ?" ಎಂದು ಕೇಳಿದಳು. ಹಿಮನದಿ ಬಂಡೆಯನ್ನು ಅರೆದು ಮಾಡಿದ ನುಣ್ಣನೆಯ ಪುಡಿ ನೀರಿನಲ್ಲಿ ತೇಲುತ್ತದೆ, ಅದಕ್ಕೇ ಆ ನೀಲಿ ಎಂದೆ. ಅಂದಿನಿಂದ ದಿನಾ ಅದೇ ಮಾತು.

ಮೊರೇನ್ ಲೇಕ್ ರಸ್ತೆಗೆ 2023ರಿಂದ ಸ್ವಂತ ಕಾರು ಬಿಡುವುದಿಲ್ಲ. ಶಟಲ್ ಬಸ್ಸಿಗೆ ಮೊದಲೇ ಬುಕ್ ಮಾಡಬೇಕು, ಇಲ್ಲವೇ ಟೂರ್‌ನವರ ಗಾಡಿ. ಗೈಡ್ ಜೊತೆ ಹತ್ತು ಹನ್ನೆರಡು ಜನ ಹೋಗುವ ಸಣ್ಣ ವ್ಯಾನ್ ಒಳ್ಳೆಯದು ಅನಿಸುತ್ತದೆ. ಆಯಿಗೆ ಮಂಡಿ ನೋವು. ಜನ ಜಾಸ್ತಿ ಇದ್ದರೆ, ತನ್ನಿಂದ ಎಲ್ಲರಿಗೂ ತಡ ಎಂದು ಗಾಡಿಯಲ್ಲೇ ಕೂತುಬಿಡುತ್ತಾಳೆ. ಯಾಣಕ್ಕೆ ಹೋದಾಗ ಹಾಗೇ ಆಯ್ತು, ನನಗೆ ಇವತ್ತಿಗೂ ಬೇಜಾರು.

ಹೋಗಿ ಬಂದವರು ದಯವಿಟ್ಟು ಹೇಳಿ. ಒಂದೊಂದು ಕಡೆ ಎಷ್ಟು ಹೊತ್ತು ನಿಲ್ಲಿಸುತ್ತಾರೆ? ಮೊರೇನ್‌ನಲ್ಲಿ ನೋಟಕ್ಕೆಂದು ಎಲ್ಲರೂ ಹತ್ತುವ ದಡದ ಕಲ್ಲುರಾಶಿ ಹತ್ತದಿದ್ದರೂ ನೀರು ಚೆನ್ನಾಗಿ ಕಾಣುತ್ತದಾ? ದೇವಿಮನೆ ಘಟ್ಟದಲ್ಲೇ ಆಯಿಗೆ ವಾಂತಿ ಬರುತ್ತದೆ. ಕ್ಯಾಲ್ಗರಿಯಿಂದ ಬ್ಯಾನ್ಫ್‌ಗೇ ಸುಮಾರು 130 ಕಿ.ಮೀ. ಹಿಂದಿನ ರಾತ್ರಿ ಬ್ಯಾನ್ಫ್‌ನಲ್ಲೇ ಉಳಿದು ಹೊರಡುವುದು ವಾಸಿ ಅಲ್ವಾ? ಸೆಪ್ಟೆಂಬರ್ ಕೊನೆಗೆ ಲಾರ್ಚ್ ಮರಗಳು ಹಳದಿಯಾಗುತ್ತವೆ, ಆಗ ರಶ್ ಜಾಸ್ತಿ. ಮೊದಲ ವಾರವೇ ಬುಕ್ ಮಾಡಲಾ? ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಊಟ ನಾವೇ ಕಟ್ಟಿಕೊಡುತ್ತೇವೆ, ಅದರ ಚಿಂತೆ ಇಲ್ಲ.