ಪದಚರ್ಚೆ: ಅರ್ಧಕ್ಕೆ ನಿಂತ ಕಿರುರೈಲಿಗೆ ಏನನ್ನೋಣ?

ಕೊಥರೂಡ್, ಪುಣೆ:
ಗೆಳೆಯರೇ, ಇಲ್ಲಿನ ಕನ್ನಡ ಬಳಗದ ಹವ್ಯಾಸ ಪ್ರದರ್ಶನಕ್ಕೆ ಒಂದು ಫಲಕ ಬೇಕು. ಸಂಜೆ ಐದರೊಳಗೆ ಫ್ಲೆಕ್ಸ್ ಅಂಗಡಿಗೆ ಕಳಿಸಬೇಕು. ಮೇಜಿನ ಮೇಲಿರುವುದು ಕರ್ನಾಟಕ–ಗೋವಾ ನಡುವಿನ ಕ್ಯಾಸಲ್‌ರಾಕ್–ಕುಳೆಂ ಘಾಟಿಯ ಮೀಟರ್ ಗೇಜ್ ಕಾಲದ ಮಾದರಿ. 1:87 ಪ್ರಮಾಣ, ಎರಡು ಹಳಿಗಳ ನಡುವೆ 12 ಮಿ.ಮೀ. ಹಳಿ ಕೂರಿಸಿದೆ, ವೈರಿಂಗ್ ಅರ್ಧ ಆಗಿದೆ, ಜಲ್ಲಿ ಇಲ್ಲ, ಗುಡ್ಡ ಇನ್ನೂ ತಂತಿಬಲೆಯಲ್ಲೇ ಇದೆ. ಎರಡು ಪದ ಬೇಕು: ಹೀಗೆ ನಿಂತ ಕೆಲಸಕ್ಕೆ ಒಂದು, ಕೆಲಸವನ್ನು ನಾಳೆಗೆ ತಳ್ಳುವ ಪ್ರೊಕ್ರಾಸ್ಟಿನೇಷನ್‌ಗೆ ಒಂದು. 'ಅಪೂರ್ಣ ಯೋಜನೆ' ಸರ್ಕಾರಿ ಕಾಮಗಾರಿಯಂತೆ ಕೇಳಿಸುತ್ತದೆ. ಇಂಥ ಮಾದರಿಗೆ ಹವ್ಯಾಸಿಗಳು 'ಲೇಔಟ್' ಅನ್ನುತ್ತಾರೆ, ಆದರೆ ನಮ್ಮವರಿಗೆ ಅದು ನಿವೇಶನಗಳ ಬಡಾವಣೆ.

ಮಾಟುಂಗಾ:
ದೀರ್ಘಸೂತ್ರತೆ. ಗೀತೆಯ 18ನೇ ಅಧ್ಯಾಯದಲ್ಲಿ ತಾಮಸ ಕರ್ತೃವಿನ ಲಕ್ಷಣಗಳಲ್ಲಿ ದೀರ್ಘಸೂತ್ರಿ ಎಂಬುದೂ ಇದೆ. ಸಿದ್ಧ ಪದವಿರುವಾಗ ಹುಡುಕಾಟ ಬೇಡ.

ಮಡಗಾಂವ್:
ಅದು ಮಾಡುವವನಿಗೆ ಹೇಳುವ ಮಾತು, ಕೆಲಸಕ್ಕಲ್ಲ. ಕೇಳಿದ್ದು ಎರಡು ಪದ. ನಿಂತ ಕೆಲಸಕ್ಕೆ 'ನೆನೆಗುದಿಗೆ ಬಿದ್ದ' ಅಂತ ಕನ್ನಡದಲ್ಲೇ ಇದೆ. ನೆನೆ + ಕುದಿ, ಆದೇಶಸಂಧಿ. ನೆನೆದಾಗಲೆಲ್ಲ ಮನಸ್ಸು ಕುದಿಯುವುದು. ಕಪಾಟಿನಲ್ಲಿ ಕೂತ ಎಂಜಿನ್ ಕಿಟ್ಟಿಗೆ ಇದಕ್ಕಿಂತ ಒಪ್ಪುವ ಮಾತು ಸಿಗಲಾರದು.

ದಾದರ್:
ಪತ್ರಿಕೆಗಳಲ್ಲಿ 'ನನೆಗುದಿ' ಎಂದೇ ಓದುತ್ತೇವಲ್ಲ?

ಮಡಗಾಂವ್:
ಪತ್ರಿಕೆ ವ್ಯಾಕರಣವಲ್ಲ. ನನೆ ಎಂದರೆ ಮೊಗ್ಗು. ಮೊಗ್ಗು ಕುದಿಯುವುದಿಲ್ಲ.

ಡೊಂಬಿವಲಿ:
ಪದ ಆರಿಸುವ ಮೊದಲು ಕೆಲಸ ಎಲ್ಲಿ ನಿಂತಿದೆ, ಯಾಕೆ ನಿಂತಿದೆ ನೋಡಿ. ಈ ಹವ್ಯಾಸದಲ್ಲಿ ಕೆಲಸ ಎಲ್ಲೆಂದರಲ್ಲಿ ನಿಲ್ಲುವುದಿಲ್ಲ, ಆಮೇಲೆ ತಿದ್ದಲು ಕಷ್ಟವಾಗುವ ಹಂತಕ್ಕೆ ಬಂದಾಗಲೇ ನಿಲ್ಲುತ್ತದೆ.

ಮೊದಲನೆಯದು ಏರು. ಆ ಘಾಟಿಯ ಏರು 37ಕ್ಕೆ 1. ಒಂದು ಹಳಿ ಇನ್ನೊಂದರ ಮೇಲೆ ದಾಟಲು 8 ಸೆಂ.ಮೀ. ಎತ್ತರ ಬೇಕೆಂದರೆ ಏರಿಗೇ 296 ಸೆಂ.ಮೀ. ಉದ್ದ ಹೋಗುತ್ತದೆ. ಮುಂಬಯಿಯ ಎಷ್ಟು ಮನೆಗಳಲ್ಲಿ ಅಷ್ಟುದ್ದದ ಗೋಡೆ ಖಾಲಿ ಇದೆ? ನಕ್ಷೆಯಲ್ಲಿ ಇದನ್ನು ಲೆಕ್ಕ ಹಾಕದವರ ಕೆಲಸ ಪ್ಲೈವುಡ್ ಕೊಯ್ದ ಮೇಲೆ ನಿಲ್ಲುತ್ತದೆ.

ಎರಡನೆಯದು ವೈರಿಂಗ್, ಹೆಚ್ಚಿನವು ನಿಲ್ಲುವುದು ಇಲ್ಲೇ. ಹಳಿ ಜೋಡಿಸುವ ಲೋಹದ ಪಟ್ಟಿಯನ್ನೇ ನಂಬಿದರೆ ಒಂದು ಮಳೆಗಾಲ ಕಳೆಯುವುದರೊಳಗೆ ಅದು ಕಿಲುಬು ಹಿಡಿದು ಕರೆಂಟು ಸರಿಯಾಗಿ ದಾಟುವುದಿಲ್ಲ, ಎಂಜಿನ್ ಅಲ್ಲಲ್ಲಿ ನಿಲ್ಲುತ್ತದೆ. ಪ್ರತಿ ಹಳಿ ತುಂಡಿಗೂ ಒಂದು ಜೊತೆ ಸಣ್ಣ ತಂತಿ ಬೆಸುಗೆ ಹಾಕಿ, ಮೇಜಿನ ಕೆಳಗಿನ 1.5 ಅಥವಾ 2.5 ಚದರ ಮಿ.ಮೀ. ಮುಖ್ಯ ತಂತಿಗೆ ಸೇರಿಸಬೇಕು. ಡಿಸಿಸಿ (ಹಳಿಯ ಮೂಲಕವೇ ಎಂಜಿನ್‌ಗೆ ಡಿಜಿಟಲ್ ಆದೇಶ ಕಳಿಸುವ ವ್ಯವಸ್ಥೆ) ಇದ್ದರೆ ಪ್ರತಿ ತುಂಡಿನಲ್ಲೂ ಎರಡು ಹಳಿಗಳ ಮೇಲೆ ಅಡ್ಡಡ್ಡ ನಾಣ್ಯ ಇಡಿ. ಹಳಿಗೆ ಕರೆಂಟು ಕೊಡುವ ಬೂಸ್ಟರ್ ತಕ್ಷಣ ಟ್ರಿಪ್ ಆಗಬೇಕು. ಆಗದಿದ್ದರೆ ಅಲ್ಲಿ ತಂತಿ ಸಾಲದು.

ಈ ಪರೀಕ್ಷೆ ಮುಗಿಯುವ ತನಕ ಜಲ್ಲಿ ಅಂಟಿಸಬಾರದು. ಅಂಟಿಸುವಾಗ ಮೊದಲು ಸೋಪು ಬೆರೆಸಿದ ನೀರು ಸಿಂಪಡಿಸಿ ಪೂರ್ತಿ ಒದ್ದೆ ಮಾಡಬೇಕು, ಇಲ್ಲವಾದರೆ ಅಂಟು ಒಳಗಿಳಿಯದೆ ಮೇಲೇ ಗುಳ್ಳೆಯಾಗಿ ಕೂತು ಜಲ್ಲಿಯನ್ನು ಎಬ್ಬಿಸುತ್ತದೆ. ಆಮೇಲೆ ಒಂದು ಪಾಲು ಫೆವಿಕಾಲ್‌ಗೆ ಎರಡು ಪಾಲು ನೀರು, ಡ್ರಾಪರಿನಲ್ಲಿ ಹನಿಹನಿಯಾಗಿ. ಪಾಯಿಂಟಿನ (ಹಳಿ ಕವಲೊಡೆಯುವ ಜಾಗದ) ಓಡುವ ನಾಲಗೆಯ ಹತ್ತಿರ ಅಂಟು ಹೋದರೆ ಆ ಪಾಯಿಂಟ್ ಹೋದಂತೆಯೇ. ಹೀಗಾಗಿ ಜಲ್ಲಿಯ ಡಬ್ಬಿ ಕೈಗೆ ಬರುವುದೇ ಇಲ್ಲ. ಇದಕ್ಕೆ ತಾಮಸ ಎನ್ನುವುದು ಅನ್ಯಾಯ. 'ಹಿಂಜರಿಕೆ' ಸರಿ.

ಮಾಟುಂಗಾ:
ಹಿಂಜರಿಕೆ ಅಂದರೆ ಸಂಕೋಚ. ಒಪ್ಪಲಾರೆ. ಅಲ್ಲದೆ 'ಪಾಯಿಂಟ್' ಯಾಕೆ? 'ಕವಲುಹಳಿ' ಅನ್ನಿ.

ಡೊಂಬಿವಲಿ:
ರೈಲ್ವೆಯಲ್ಲಿ ದುಡಿದ ಯಾವ ಕನ್ನಡಿಗನೂ ಕವಲುಹಳಿ ಅನ್ನುವುದಿಲ್ಲ. ಪಾಯಿಂಟ್ ಅನ್ನುತ್ತಾನೆ, ಇಲ್ಲಿ ಇದ್ದವನಾದರೆ ಕಾಂಟಾ ಅನ್ನುತ್ತಾನೆ.

ದಾದರ್:
ನೋಡುವವರಿಗೆ ಮರಾಠಿಯೂ ಬರುತ್ತದೆ. ಪ್ರೊಕ್ರಾಸ್ಟಿನೇಷನ್‌ಗೆ 'ಚಾಲಢಕಲ್' ಹಾಕಿದರೆ ಎಲ್ಲರಿಗೂ ತಿಳಿಯುತ್ತದೆ.

ಮಾಟುಂಗಾ:
ಬೇಡ. ಇಂಗ್ಲಿಷ್ ಸಾಲದೆಂದು ಮರಾಠಿಯನ್ನೂ ತರಬೇಕೆ? ಈ ಊರಲ್ಲಿ ಮಕ್ಕಳ ಬಾಯಲ್ಲಿ ಉಳಿದಿರುವ ಕನ್ನಡವೇ ಅಷ್ಟು. ಫಲಕದಲ್ಲಾದರೂ ಶುದ್ಧವಾಗಿರಲಿ.

ದಾದರ್:
ನಿಮ್ಮ ದೀರ್ಘಸೂತ್ರತೆ ಯಾವ ಊರಿನದು? ಸಂಸ್ಕೃತ ತಂದರೆ ಶುದ್ಧ, ಮರಾಠಿ ತಂದರೆ ಬೆರಕೆ, ಇದು ಯಾವ ನ್ಯಾಯ? ನಮ್ಮ ಅಡಕತ್ತು ಮರಾಠಿಯಲ್ಲಿ ಅಡಕಿತ್ತಾ ಆಗಿ ಮನೆಮನೆಯಲ್ಲಿದೆ. ಅದರಿಂದ ಅವರ ಭಾಷೆ ಕೆಟ್ಟಿಲ್ಲ.

ಮಡಗಾಂವ್:
ಎರವಲಿನ ಜಗಳಕ್ಕೆ ಬೇರೆ ಎಳೆ ತೆರೆಯಿರಿ. ಇಲ್ಲಿ ಎರಡನೆಯ ಪದಕ್ಕೆ 'ಮುಂದೂಡುವ ಚಾಳಿ' ಸಾಕು. 'ಮುಂದೂಡಿಕೆ' ಎಂದಷ್ಟೇ ಬರೆದರೆ ಪರೀಕ್ಷೆ, ಸಭೆ ನೆನಪಾಗುತ್ತವೆ. 'ಚಾಳಿ' ಸೇರಿದಾಗಲೇ ಅದು ಮನುಷ್ಯನ ಅಭ್ಯಾಸವಾಗುತ್ತದೆ.

ಕೊಥರೂಡ್, ಪುಣೆ:
ಎಲ್ಲರಿಗೂ ನಮಸ್ಕಾರ. ಹೀಗೆ ಕಳಿಸುತ್ತಿದ್ದೇನೆ: 'ನೆನೆಗುದಿಗೆ ಬಿದ್ದ ಕಿರುರೈಲು ಮಾದರಿ. ಜಲ್ಲಿ ಹಾಕುವ ಮುನ್ನ ಕೆಲಸ ನಿಂತಿದೆ. ಮುಂದೂಡುವ ಚಾಳಿ ಯಾವ ಹಂತದಲ್ಲಿ ಅಂಟಿಕೊಳ್ಳುತ್ತದೆ, ಯಾಕೆ ಎಂಬುದನ್ನು ಇಲ್ಲಿ ನೋಡಬಹುದು.'

ಡೊಂಬಿವಲಿ:
'ಜಲ್ಲಿ ಹಾಕುವ' ತೆಗೆದು 'ಜಲ್ಲಿ ಅಂಟಿಸುವ' ಎಂದು ಮಾಡಿ. ಹಾಕಿದ ಜಲ್ಲಿಯನ್ನು ಬ್ರಷ್ಷಿನಲ್ಲಿ ಗುಡಿಸಿ ತೆಗೆಯಬಹುದು. ಅಂಟಿಸಿದ್ದನ್ನು ಬಿಸಿನೀರಲ್ಲಿ ನೆನೆಸಿ ಕೆರೆಯಬೇಕಾಗುತ್ತದೆ, ಆಗ ಹಳಿಯೂ ಬಾಗುತ್ತದೆ.